ಕೀಲು ಬದಲಿಸಿದ ಮೇಲೆ ಹಿತ್ತಲಿಗೆ ಯಾವಾಗ ಇಳಿಯಬಹುದು?

ಪ್ರಶ್ನೆ: ಅವ್ವನ ಎಡಗಡೆ ಚಪ್ಪೆ ಕೀಲು (ಸೊಂಟದ ಕೀಲು) ಬದಲಿಸಿ ಎರಡು ತಿಂಗಳಾಯಿತು. ಹಿತ್ತಲಿನ ಮಲ್ಲಿಗೆ, ಪುಂಡಿಪಲ್ಯ ಒಣಗುತ್ತಿವೆ ಅಂತ ದಿನಾ ಚಡಪಡಿಸುತ್ತಾಳೆ. ಗಿಡದ ಕೆಲಸ ಮತ್ತೆ ಯಾವಾಗ ಮಾಡಬಹುದು? ಒಳಗೆ ಹಾಕಿದ ಸಿಮೆಂಟ್ ಗಟ್ಟಿಯಾಗಲು ಆರು ತಿಂಗಳು ಬೇಕಂತೆ, ಹೌದಾ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಿಂತು ಮಾಡುವ ಹಗುರ ಕೆಲಸವನ್ನು ಸಾಮಾನ್ಯವಾಗಿ ಆರೇಳು ವಾರಕ್ಕೇ ಶುರು ಮಾಡಬಹುದು. ಬಗ್ಗಿ ಮಾಡುವುದು ಮೂರು ತಿಂಗಳಾದ ಮೇಲೆ. ಎರಡಕ್ಕೂ ಆಪರೇಷನ್ ಮಾಡಿದ ಡಾಕ್ಟರು ಹೂಂ ಅನ್ನಬೇಕು. ಎರಡನೇ ಪ್ರಶ್ನೆ ಇದೆಯಲ್ಲ, ಅದಕ್ಕೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಕೊಪ್ಪಳದಲ್ಲಿ ಫಿಸಿಯೋಥೆರಪಿ ಮಾಡಿಸುವ ನನಗೆ ಇದನ್ನು ಕೇಳದ ಮನೆ ಸಿಕ್ಕಿಲ್ಲ. ಒಂದು ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಭಾಗ್ಯನಗರದ ಒಂದು ಮನೆ. ಮಗ ಗೌಂಡಿ ಕೆಲಸದವನು. ತಾಯಿಯನ್ನು ನಡೆಸಿ ಅಂದರೆ ನನ್ನನ್ನೇ ದುರುಗುಟ್ಟಿ ನೋಡಿದ. "ಸ್ಲ್ಯಾಬ್ ಹಾಕಿದ ಮ್ಯಾಲೆ 21 ದಿನ ನೀರು ಹೊಡಿತೀವ್ರೀ ಸರ. ಅದರ ಮ್ಯಾಲೆ ಯಾರನ್ನೂ ಬಿಡಂಗಿಲ್ಲ. ಇದು ನಮ್ಮವ್ವನ ಕಾಲು!" ಅಂದ. ಅವನ ಕಸುಬಿನ ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೇ. ತಪ್ಪೆಲ್ಲ ಆ ಹೆಸರಿನದು.

ಮೂಳೆಗೆ ಹಾಕುವ ಸಿಮೆಂಟಿಗೂ ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಸಿಮೆಂಟಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಇದು ಅಕ್ರಿಲಿಕ್ ಅನ್ನುವ ಒಂದು ಜಾತಿಯ ಪ್ಲಾಸ್ಟಿಕ್. ಹಲ್ಲಿನ ಡಾಕ್ಟರು ಕಟ್ಟುಹಲ್ಲಿನ ವಸಡು ಮಾಡುವುದೂ ಇದೇ ಕುಲದ ವಸ್ತುವಿನಿಂದ. ಒಂದು ಪುಡಿ, ಒಂದು ದ್ರವ. ಆಪರೇಷನ್ ಟೇಬಲ್ ಹತ್ತಿರವೇ ಎರಡನ್ನೂ ಕಲಸುತ್ತಾರೆ. ಮೊದಲು ಹಿಟ್ಟಿನ ಮುದ್ದೆಯ ಹಾಗೆ ಇರುತ್ತದೆ, ಆಮೇಲೆ ತಾನೇ ಬಿಸಿಯಾಗುತ್ತಾ ಕಲ್ಲಾಗುತ್ತದೆ. ಎಷ್ಟು ಹೊತ್ತು? ಹತ್ತು ಹದಿನೈದು ನಿಮಿಷ. ಗಾಯಕ್ಕೆ ಹೊಲಿಗೆ ಹಾಕುವ ಮೊದಲೇ ಅದು ಗಟ್ಟಿಯಾಗಿ ಮುಗಿದಿರುತ್ತದೆ. ನೀರು ಬೇಡ, ಕ್ಯೂರಿಂಗ್ ಬೇಡ. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಅನ್ನುವ ಡಾಕ್ಟರು 1960ರ ದಶಕದಲ್ಲೇ ಈ ಪದ್ಧತಿಯನ್ನು ನೆಲೆ ನಿಲ್ಲಿಸಿದರು. ನಮ್ಮ ಓಣಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನೊಂದು ಮಾತು. ಎಷ್ಟೋ ಕೀಲುಗಳಿಗೆ ಸಿಮೆಂಟೇ ಹಾಕಿರುವುದಿಲ್ಲ. ಲೋಹದ ಮೈ ಒರಟಾಗಿರುತ್ತದೆ, ಅದನ್ನು ಮೂಳೆಯೊಳಗೆ ಬಿಗಿಯಾಗಿ ಕೂರಿಸುತ್ತಾರೆ. ಮೂಳೆ ನಿಧಾನವಾಗಿ ಅದಕ್ಕೆ ಹಬ್ಬಿಕೊಳ್ಳುತ್ತದೆ. "ಹಾಗಾದರೆ ಅದಕ್ಕಾದರೂ ಕಾಯಬೇಕಲ್ವಾ?" ಅಂತ ಕೇಳುತ್ತೀರಿ, ಗೊತ್ತು. ಬಿಗಿಯಾಗಿ ಕೂತಿರುವುದರಿಂದಲೇ ಹೆಚ್ಚಿನವರನ್ನು ಅವತ್ತೋ ಮರುದಿನವೋ ವಾಕರ್ ಕೊಟ್ಟು ನಿಲ್ಲಿಸುತ್ತಾರೆ. ನಿಮ್ಮ ಡಾಕ್ಟರು ಭಾರ ಕಡಿಮೆ ಹಾಕಿ ಅಂತ ಬೇರೆಯಾಗಿ ಹೇಳಿದ್ದರೆ ಮಾತ್ರ ಅವರ ಮಾತು ಕೇಳಿ. ಸುಮ್ನೆ ಮಲಗಿಸಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಚಪ್ಪೆಯ ಪಕ್ಕದ ಸ್ನಾಯು ಸೊರಗುತ್ತದೆ, ಆಮೇಲೆ ಕುಂಟು ಬಿಡುವುದಿಲ್ಲ.

ಹಾಗಾದರೆ ಆ ಮೂರು ತಿಂಗಳು ಯಾಕೆ? ಒರಳಲ್ಲಿ ಗುಂಡುಕಲ್ಲು ತಿರುಗುವ ಹಾಗೆ ಈ ಕೀಲು. ಆ ಗುಂಡು ಒರಳಿಂದ ಜಾರದ ಹಾಗೆ ಸುತ್ತ ಹಿಡಿದಿರುವ ಪೊರೆ, ಸ್ನಾಯುಗಳನ್ನು ಆಪರೇಷನ್‌ನಲ್ಲಿ ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ಮಾಯಬೇಕಾದ್ದು ಅದು. ಕೀಲು ಜಾರುವುದು ಜಾಸ್ತಿ ಈ ಮೊದಲ ತಿಂಗಳುಗಳಲ್ಲೇ. ಹಿಂದಿನಿಂದ ಕೊಯ್ದಿದ್ದರೆ ಕೂತಾಗ ಮೊಣಕಾಲು ಚಪ್ಪೆಗಿಂತ ಮೇಲೆ ಹೋಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಬಾರದು. ಮುಂದಿನಿಂದ ಕೊಯ್ದವರಿಗೆ ನಿಯಮ ಬೇರೆ. ಡಿಸ್ಚಾರ್ಜ್ ಚೀಟಿ ಹಿಡಿದು ಒಂದು ಸಲ ಕೇಳಿಕೊಳ್ಳಿ.

ಅದೇ ಗೌಂಡಿಯ ಮನೆಗೆ ಇನ್ನೊಂದು ದಿನ ಹೋದೆ. ಅಂಗಳಕ್ಕೂ ಬಿಡದ ಅವ್ವನನ್ನು ಅಡುಗೆಮನೆಯಲ್ಲಿ ನಾಲ್ಕು ಬೆರಳು ಎತ್ತರದ ಮಣೆಯ ಮೇಲೆ ಕೂರಿಸಿದ್ದರು. ಮುಂದೆ ಹಾಳೆ ಹರವಿ ಮೆಂತೆಪಲ್ಯ ಸೋಸುತ್ತಿದ್ದಳು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. "ಇದು ಹಗುರ ಕೆಲಸ ಅಲ್ವಾ ಸರ" ಅಂದಳು ಸೊಸೆ. ಕೀಲು ಜಾರಿಸಲು ಇದಕ್ಕಿಂತ ಒಳ್ಳೆಯ ಭಂಗಿ ಇಲ್ಲ! ನಾನು ಅವತ್ತು ಸ್ವಲ್ಪ ಜೋರಾಗಿಯೇ ಮಾತಾಡಿದೆ.

ಈಗ ಹಿತ್ತಲು. ಮಲ್ಲಿಗೆ ಮೊಗ್ಗು ಬಿಡಿಸುವುದು, ಚಪ್ಪರದ ಹೀರೇಕಾಯಿ ಕೀಳುವುದು, ಪೈಪಿನಲ್ಲಿ ನೀರು ಬಿಡುವುದು ನಿಂತೇ ಆಗುತ್ತದೆ. ಪೈಪು ಕಾಲಿಗೆ ತೊಡರದ ಹಾಗೆ ನೋಡಿಕೊಳ್ಳಿ. ಎರೆ ಮಣ್ಣು ಹಸಿಯಿದ್ದಾಗ ಇಳಿಯಲೇಬೇಡಿ, ಚಪ್ಪಲಿಗೆ ಒಂದೊಂದು ಸೇರು ಅಂಟಿಕೊಳ್ಳುತ್ತದೆ. ಬಿದ್ದದ್ದೊಂದು ಕೈಗೆ ಬೇಕಾದರೆ ಏನಾದರೂ ಹಿಡಿದುಕೊಂಡು, ಆಪರೇಷನ್ ಆದ ಕಾಲನ್ನು ನೆಟ್ಟಗೆ ಹಿಂದಕ್ಕೆ ಚಾಚಿ ಬಗ್ಗಿ. ಡಾಕ್ಟರು ಒಪ್ಪಿದ ಮೇಲೆ ಕಸ ತೆಗೆಯಲು ಒಂದು ಮೊಣಕಾಲೂರುವುದಾದರೆ ಆಪರೇಷನ್ ಆದ ಕಡೆಯ ಮೊಣಕಾಲನ್ನೇ ನೆಲಕ್ಕೆ ಊರಿ. ಕುಕ್ಕರಗಾಲು ಬೇಡ. ಗುದ್ದಲಿ, ಹಾರೆಯ ಮಾತು ಮೂರು ತಿಂಗಳಿಗೆ ಮುಂಚೆ ಎತ್ತಬೇಡಿ. ಮುಳ್ಳು ಚುಚ್ಚಿ ಕೈ ಕೆಂಪಾಗಿ ಊದಿದರೆ ಅರಿಶಿನ ಮೆತ್ತಿ ಕೂರಬೇಡಿ. ಆ ನಂಜು ರಕ್ತದಲ್ಲಿ ಹೋಗಿ ಹೊಸ ಕೀಲಿಗೆ ಕೂರಬಹುದು, ಬೇಗ ಡಾಕ್ಟರಿಗೆ ತೋರಿಸಿ.

ಕೋಲು ಹಿಡಿಯಬೇಕಾದ್ದು ಆಪರೇಷನ್ ಆಗದ ಕಡೆಯ ಕೈಯಲ್ಲಿ. ನೀರಿನ ಚೆಂಬು, ಸಣ್ಣ ಬಕೆಟ್ ಹಿಡಿಯಬೇಕಾದ್ದು ಆಪರೇಷನ್ ಆದ ಕಡೆಯಲ್ಲಿ. ಹತ್ತರಲ್ಲಿ ಒಂಬತ್ತು ಜನ ಎರಡನ್ನೂ ಉಲ್ಟಾ ಮಾಡುತ್ತಾರೆ. ಆಚೆ ಕೈಯ ಭಾರ ಈಚೆ ಚಪ್ಪೆಯ ಸ್ನಾಯುವನ್ನು ಇನ್ನೂ ಜಗ್ಗುತ್ತದೆ, ಆಚೆ ಕೈಯ ಕೋಲು ಅದರ ಹೊರೆ ಇಳಿಸುತ್ತದೆ. ತುಂಬಿದ ಕೊಡವನ್ನು ಟೊಂಕದ ಮೇಲಿಡುವ ಆಸೆ ಮರೆತುಬಿಡಿ.

ಯಾರೂ ಬಾಯಿಬಿಟ್ಟು ಕೇಳಲ್ಲ, ಆದರೆ ಎಲ್ಲ ಅವ್ವಂದಿರ ಮನಸ್ಸಿನಲ್ಲಿರುವುದು ರೊಟ್ಟಿ. ಬಡಿಯಬಹುದಾ? ಬಡಿಯಬಹುದು, ಗ್ಯಾಸ್ ಕಟ್ಟೆಯ ಮುಂದೆ ನಿಂತು. ಕೆಳಗೆ ಒಲೆ ಮುಂದೆ ಕೂತು ಅಲ್ಲ. ಕಲ್ಲಿನಿಂದ ಹಂಚಿನ ಕಡೆ ತಿರುಗುವಾಗ ಪಾದ ಅಲ್ಲೇ ಇಟ್ಟು ಮೈ ತಿರುಚಬೇಡಿ, ಹೆಜ್ಜೆ ಎತ್ತಿಟ್ಟು ತಿರುಗಿ. ನಾಲ್ಕು ರೊಟ್ಟಿಯಾದ ಮೇಲೆ ಎತ್ತರದ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳಿ. ಹಂಚಿನ ಮೇಲಿನದನ್ನು ಬೇರೆ ಯಾರಾದರೂ ತಿರುವಿ ಹಾಕಲಿ.

ಆ ಗೌಂಡಿ ಕೊನೆಗೆ ದಾರಿಗೆ ಬಂದ. ಅವ್ವನಿಗೆ ಬಗ್ಗುವ ಪಾಡೇ ಬೇಡ ಅಂತ ಹಿತ್ತಲಲ್ಲಿ ಇಟ್ಟಿಗೆಯಿಂದ ಟೊಂಕದೆತ್ತರದ ಕಟ್ಟೆ ಕಟ್ಟಿದ. ಮಣ್ಣು, ಗೊಬ್ಬರ ತುಂಬಿ ಪುಂಡಿ, ಮೆಂತೆ ಹಾಕಬೇಕು ಅಂತ. ನಾನು ಹೋದಾಗ ಕಟ್ಟೆಗೆ ಹಸಿ ಗೋಣಿಚೀಲ ಹೊದಿಸಿದ್ದರು. ಅವ್ವ ನಿಂತುಕೊಂಡು ಪೈಪಿನಿಂದ ಅದಕ್ಕೆ ನೀರು ಹೊಡೆಯುತ್ತಿದ್ದಳು. "ಇದಕ್ಕರೆ 21 ದಿನ ಬೇಕಲ್ರೀ ಸರ?" ಅಂದಳು.