ಕೆಚ್ಚಲು ಬಾತಿಲ್ಲ, ಹಾಲು ಮಾತ್ರ ಒಡೆಯುತ್ತದೆ, ಯಾಕೆ?

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ದನದ ಹಾಲು ಇಳಿದಿದೆ. ಕೆಚ್ಚಲು ಬಾತಿಲ್ಲ, ಮುಟ್ಟಿದರೆ ಒದೆಯುವುದೂ ಇಲ್ಲ. ಆದರೆ ಕಾಯಿಸಿದರೆ ಹಾಲು ಒಡೆಯುತ್ತದೆ. ಸೊಸೈಟಿಯಲ್ಲಿ ಡಿಗ್ರಿ (ಲ್ಯಾಕ್ಟೋಮೀಟರಿನಲ್ಲಿ ನೋಡುವ ಹಾಲಿನ ಗಟ್ಟಿತನ) ಬರುತ್ತಿಲ್ಲ, ನೀರು ಬೆರೆಸಿದ್ದೀರಾ ಅಂತ ಕೇಳುತ್ತಾರೆ. (ಕಾರ್ಕಳ ಕಡೆಯ ಹೈನುಗಾರರು)

ಉತ್ತರ: ನೀರು ಬೆರೆಸದೆಯೂ ಡಿಗ್ರಿ ಇಳಿಯುತ್ತದೆ. ಕ್ಯಾನು ಸರಿಯಾಗಿ ತೊಳೆಯದಿದ್ದರೆ, ಹಾಲು ತಡವಾಗಿ ಕಾಯಿಸಿದರೆ ಒಡೆಯುವುದೂ ಉಂಟು, ಅದನ್ನು ಮೊದಲು ನೋಡಿಕೊಳ್ಳಿ. ಅದೆಲ್ಲ ಸರಿಯಿದ್ದರೆ ನನ್ನ ಅನುಮಾನ ಹೊರಗೆ ಕಾಣದ ಕೆಚ್ಚಲು ಬಾವಿನ ಮೇಲೆ. ರೋಗಾಣು ಮೊಲೆ ತೂತಿನಿಂದ ಒಳಹೊಕ್ಕರೆ ಹಾಲಿನ ಲ್ಯಾಕ್ಟೋಸ್ (ಸಕ್ಕರೆ ಅಂಶ), ಕೇಸಿನ್ (ಪ್ರೋಟೀನ್) ಕಡಿಮೆಯಾಗುತ್ತವೆ, ರಕ್ತದ ಉಪ್ಪಿನಂಶ ಹಾಲಿಗೆ ಸೋರುತ್ತದೆ. ಕಾಯಿಸಿದ ಹಾಲು ತುಸು ಉಪ್ಪುಪ್ಪು ಅನಿಸುವುದು ಅದಕ್ಕೇ. ಹಸಿ ಹಾಲು ಮಾತ್ರ ನೆಕ್ಕಿ ನೋಡಬೇಡಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅರ್ಧ ಲೀಟರ್ ನೀರಿಗೆ ಬಟ್ಟೆ ಒಗೆಯುವ ಪುಡಿ ಆರು ಚಮಚ ಕಲಸಿ. ನಾಲ್ಕು ಬಟ್ಟಲು ಇಟ್ಟು, ಒಂದೊಂದು ಮೊಲೆಯ ಹಾಲನ್ನು ಒಂದೊಂದಕ್ಕೆ ಕರೆದು, ಅಷ್ಟೇ ಸೋಪಿನ ನೀರು ಸೇರಿಸಿ ಮೆಲ್ಲ ತಿರುಗಿಸಿ. ಬೆಂಡೆಕಾಯಿ ಲೋಳೆಯಂತೆ ಎಳೆ ಬಂತೋ, ಆ ಮೊಲೆಯಲ್ಲಿ ತೊಂದರೆ ಇದೆ. ಸೋಂಕಿನ ವಿರುದ್ಧ ಬಂದ ಬಿಳಿ ರಕ್ತಕಣಗಳನ್ನು ಸೋಪು ಒಡೆಯುವುದರಿಂದ ಆಗುವ ಲೋಳೆ ಅದು. ಕರು ಹಾಕಿದ ಮೊದಲ ದಿನಗಳಲ್ಲಿ, ಹಾಲು ಬತ್ತುವ ಹೊತ್ತಿಗೆ ಈ ಪರೀಕ್ಷೆ ನಂಬಬೇಡಿ.

ಮಳೆಗಾಲದಲ್ಲೇ ಯಾಕೆ? ನಮ್ಮ ಕಡೆ ಹಟ್ಟಿಗೆ ಸೊಪ್ಪು ಹಾಸುವುದು ತೋಟದ ಗೊಬ್ಬರಕ್ಕೆ, ದನದ ಸುಖಕ್ಕಲ್ಲ. ಆಟಿ ತಿಂಗಳ (ಆಷಾಢದ ಹೊತ್ತಿನ) ಮಳೆಗೆ ಒದ್ದೆ ಸೊಪ್ಪು, ಅದರ ಮೇಲೆ ಸೆಗಣಿ, ಗಂಜಳ. ಕೆಚ್ಚಲು ಇಡೀ ರಾತ್ರಿ ಅದರಲ್ಲೇ. ಗೊಬ್ಬರ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಕರೆಯುವ ದನ ಮಲಗುವಷ್ಟು ಜಾಗವನ್ನಾದರೂ ಒಣಗಿಸಿಡಿ. ಕರೆದ ಮೇಲೆ ಮೊಲೆ ತೂತು ಸುಮಾರು ಅರ್ಧ ಗಂಟೆ ತೆರೆದಿರುತ್ತದೆ. ಡಾಕ್ಟರು ಹೇಳಿದ ಅಯೋಡಿನ್ ದ್ರಾವಣದಲ್ಲಿ ಮೊಲೆ ಅದ್ದಿ, ಮುಂದೆ ಹುಲ್ಲು ಹಾಕಿ. ತಿನ್ನುತ್ತಾ ನಿಂತ ದನ ಮಲಗುವುದಿಲ್ಲ. ಹೆಬ್ಬೆರಳು ಮಡಚಿ ಹಿಂಡುವವರು ಆ ಅಭ್ಯಾಸ ಬಿಡಬೇಕು, ಮೊಲೆಗೆ ಒಳಗೇ ಗಾಯವಾಗುತ್ತದೆ. ಲೋಳೆ ಬಂದ ದನವನ್ನು ಕೊನೆಗೆ ಕರೆಯಿರಿ.

ಕಳೆದ ಸಲ ಉಳಿದ ಔಷಧಿ ಟ್ಯೂಬನ್ನು ಮೊಲೆಗೆ ಏರಿಸಿಬಿಡಬೇಡಿ, ಡಾಕ್ಟರಿಗೆ ತೋರಿಸಿ. ಔಷಧಿ ಕೊಟ್ಟರೆ, ಅವರು ಹೇಳಿದಷ್ಟು ದಿನ ಆ ಹಾಲು ಸೊಸೈಟಿಗೂ ಬೇಡ, ಮನೆಗೂ ಬೇಡ. ಹೆಪ್ಪು ಹಾಕಿದರೂ ಅದು ಸರಿಯಾಗಿ ಮೊಸರಾಗಲಿಕ್ಕಿಲ್ಲ.