ಡೈವ್ ಮಾಡುವವರ ಒಳಕಿವಿ: ಊದಿದ ಗಾಳಿ ತಲುಪದಿದ್ದರೂ ಪೊರೆ ಹರಿಯುವುದು ಹೇಗೆ?

ಸ್ಕೂಬಾ ಥಿಯರಿ ಓದುತ್ತಿರುವವರಿಗೆ ಈ ಟಿಪ್ಪಣಿ. ಕಿವಿಯ ಪಾಠದಲ್ಲಿ ನಾನು ನಾಲ್ಕು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ಕಿವಿ ಕಟ್ಟಿದಾಗ ಮೂಗು ಹಿಡಿದು ಜೋರಾಗಿ ಊದಿದರೆ ಒಳಕಿವಿಯ ಪೊರೆ ಹರಿಯಬಹುದು ಅನ್ನುತ್ತಾರೆ. ಆದರೆ ಕಿವಿ ಕಟ್ಟಿದೆ ಅಂದರೆ ಮೂಗಿನಿಂದ ಕಿವಿಗೆ ಹೋಗುವ ನಾಳ ಮುಚ್ಚಿದೆ ಅಂತ ತಾನೇ ಅರ್ಥ? ಊದಿದ ಗಾಳಿ ಮಧ್ಯಕಿವಿಗೇ ಹೋಗುವುದಿಲ್ಲ. ಅದಕ್ಕೂ ಆಚೆ ಇರುವ ಒಳಕಿವಿಗೆ ಏಟು ಬೀಳುವುದು ಹೇಗೆ?

ನನಗೆ ಇದು ಬರೀ ಪರೀಕ್ಷೆಯ ಪ್ರಶ್ನೆ ಆಗಿರಲಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಡೈವ್ ಮಾಡಿದಾಗ, ಸುಮಾರು 3 ಮೀಟರ್ ಆಳದಲ್ಲಿ ಎಡಕಿವಿ ಕಟ್ಟಿಕೊಂಡಿತು. ಜೊತೆಯವರು ಇಳಿಯುತ್ತಲೇ ಇದ್ದರು. ಗಡಿಬಿಡಿಯಲ್ಲಿ ಬಲವಾಗಿ ಊದಿದೆ. ಕಿವಿಯೊಳಗೆ 'ಟಕ್' ಅಂದಿತು, ಎರಡು ದಿನ ಗುಂಯ್‌ಗುಟ್ಟಿತು. ಇಎನ್‌ಟಿ ಡಾಕ್ಟರು ನೋಡಿ, ಮಧ್ಯಕಿವಿಯಲ್ಲಿ ಸ್ವಲ್ಪ ರಕ್ತ ಇದೆ, ಒಳಕಿವಿಗೆ ಏನೂ ಆಗಿಲ್ಲ ಎಂದರು. 'ಒಳಕಿವಿಗೆ ಆಗಿದ್ದರೆ?' ಅನ್ನುವ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು.

ಒತ್ತಡದ ಲೆಕ್ಕ

ನೀರಿನ ಮೇಲೆ 1 ವಾತಾವರಣ ಒತ್ತಡ, 10 ಮೀಟರ್ ಆಳದಲ್ಲಿ 2, 20 ಮೀಟರ್‌ನಲ್ಲಿ 3. ಹಾಗಾಗಿ ಮೊದಲ 10 ಮೀಟರ್‌ನಲ್ಲೇ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮುಂದಿನ 10 ಮೀಟರ್‌ನಲ್ಲಿ ಅರ್ಧದಿಂದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಷ್ಟೆ. ಕಿವಿಗೆ ಕಷ್ಟ ಇರುವುದು ಆಳದಲ್ಲಲ್ಲ, ಮೇಲಿನ ಕೆಲವೇ ಮೀಟರ್‌ಗಳಲ್ಲಿ. ಚಾರ್ಮಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ಕಟ್ಟುತ್ತದಲ್ವಾ, ಅದೇ ಸಂಗತಿ. ಆದರೆ ಅಲ್ಲಿ ನೂರಾರು ಮೀಟರ್ ಇಳಿದಾಗ ಆಗುವ ವ್ಯತ್ಯಾಸ ನೀರಿನಲ್ಲಿ ಒಂದು ಮೀಟರ್ ಆಸುಪಾಸಿನಲ್ಲೇ ಆಗಿಬಿಡುತ್ತದೆ.

ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ದಾರಿ ಯೂಸ್ಟೇಶಿಯನ್ ನಾಳ. ಒತ್ತಡದ ವ್ಯತ್ಯಾಸ ಸುಮಾರು 90 ಮಿ.ಮೀ. ಪಾದರಸ ದಾಟಿದರೆ ಈ ನಾಳದ ಬಾಯಿ ಬಿಗಿದುಕೊಳ್ಳುತ್ತದೆ. ಕಿವಿ ಬಿಡಿಸಿಕೊಳ್ಳದೆ ಸುಮ್ನೆ ಒಂದೂಕಾಲು ಮೀಟರ್ ಇಳಿದರೆ ಸಾಕು, ಅಷ್ಟು ವ್ಯತ್ಯಾಸ ಆಗುತ್ತದೆ. ಆಮೇಲೆ ಎಷ್ಟು ಊದಿದರೂ ತೆರೆಯುವುದು ಕಷ್ಟ.

ನಾನು ಎಡವಿದ್ದು ಇಲ್ಲಿ

ನಿಧಾನವಾಗಿ ನೋಡೋಣ. ಒಳಕಿವಿ ಅಂದರೆ ಮೂಳೆಯ ಗೂಡು, ಅದರ ತುಂಬ ದ್ರವ. ಕೇಳಿಸುವ ಕಾಕ್ಲಿಯಾ, ಸಮತೋಲ ಕಾಯುವ ಅರ್ಧವೃತ್ತದ ಕೊಳವೆಗಳು ಎರಡೂ ಇದರಲ್ಲೇ ಇವೆ. ಈ ಗೂಡಿಗೆ ಮಧ್ಯಕಿವಿಯ ಕಡೆ ಎರಡು ಕಿಟಕಿ. ಅಂಡಾಕಾರದ ಕಿಟಕಿಯಲ್ಲಿ ಸ್ಟೇಪಿಸ್ ಎಂಬ ಪುಟ್ಟ ಮೂಳೆ ಕೂತಿರುತ್ತದೆ. ದುಂಡು ಕಿಟಕಿಗೆ ಬರೀ ತೆಳು ಪೊರೆ.

ನಾನು ಮಾಡಿದ ತಪ್ಪು ಏನೆಂದರೆ, ಏಟು ಯಾವಾಗಲೂ ಮಧ್ಯಕಿವಿಯಿಂದ ಒಳಕ್ಕೇ ಬರುತ್ತದೆ ಅಂದುಕೊಂಡಿದ್ದೆ. ನಿಜವಾಗಿ ಇಳಿಯುವಾಗ ದೇಹದ ದ್ರವಗಳೆಲ್ಲ ಸುತ್ತಲಿನ ನೀರಿನ ಒತ್ತಡಕ್ಕೇ ಬಂದುಬಿಡುತ್ತವೆ. ಒಳಕಿವಿಯ ದ್ರವವೂ ಅಷ್ಟೆ. ಹಿಂದೆ ಬೀಳುವುದು ಗಾಳಿ ಇರುವ ಮಧ್ಯಕಿವಿ ಒಂದೇ. ಅಲ್ಲಿ ಒತ್ತಡ ಕಮ್ಮಿ. ಹೊರಗಿನ ನೀರು ಕಿವಿತಮಟೆಯನ್ನು ಒಳಕ್ಕೆ ಒತ್ತುತ್ತದೆ. ತಮಟೆ ಮೂಳೆಗಳ ಸರಪಳಿಯನ್ನು ತಳ್ಳುತ್ತದೆ, ಸ್ಟೇಪಿಸ್ ದ್ರವವನ್ನು ಅದುಮುತ್ತದೆ. ಹಾಲಿನ ಪ್ಯಾಕೆಟ್ಟನ್ನು ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುತ್ತದಲ್ಲ, ಹಾಗೆ ದುಂಡು ಕಿಟಕಿಯ ಪೊರೆ ಮಧ್ಯಕಿವಿಯ ಕಡೆಗೆ ಉಬ್ಬುತ್ತದೆ. ನಾವು ಊದುವ ಮುಂಚೆಯೇ ಅದು ಬಿಗಿದು ನಿಂತಿದೆ.

ಈಗ ಬಲವಾಗಿ ಊದಿ. ಗಾಳಿ ಮಧ್ಯಕಿವಿಗೆ ಹೋಗುವುದಿಲ್ಲ, ಸರಿ. ಆದರೆ ಎದೆಯೊಳಗೆ ಒತ್ತಡ ಏರುತ್ತದೆ. ಕುತ್ತಿಗೆಯ ರಕ್ತನಾಳ ಉಬ್ಬಿ ಮುಖ ಕೆಂಪಾಗುವುದು ಅದಕ್ಕೇ. ರಕ್ತನಾಳಗಳ ಮೂಲಕ ಆ ಒತ್ತಡ ಮಿದುಳಿನ ಸುತ್ತಲಿನ ದ್ರವಕ್ಕೆ ತಲುಪುತ್ತದೆ. ಅಲ್ಲಿಂದ ಒಳಕಿವಿಗೆ ಒಂದು ಸಣ್ಣ ಕಾಲುವೆ ಇದೆ, ಕಾಕ್ಲಿಯರ್ ಅಕ್ವಿಡಕ್ಟ್. ಮೊದಲೇ ಉಬ್ಬಿದ ಪೊರೆಗೆ ಹಿಂದಿನಿಂದ ಇನ್ನೊಂದು ತಳ್ಳು. ಪೊರೆ ಹೊರಕ್ಕೆ ಹರಿಯುತ್ತದೆ, ದ್ರವ ಸೋರುತ್ತದೆ. ಏಟು ಮೂಗಿನ ದಾರಿಯಿಂದ ಬಂದದ್ದಲ್ಲ, ಎದೆ ಮತ್ತು ತಲೆಬುರುಡೆ ಸುತ್ತಿ ಬಂದದ್ದು. ಇದು ಹೊಳೆದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಂಡಿತು.

ಇನ್ನೊಂದು ಬಗೆಯೂ ಇದೆ. ಊದುತ್ತಿರುವಾಗ ನಾಳ ಥಟ್ಟನೆ ತೆರೆದರೆ ಗಾಳಿ ಮಧ್ಯಕಿವಿಗೆ ನುಗ್ಗುತ್ತದೆ. ತಮಟೆ ಹೊರಕ್ಕೆ ಚಿಮ್ಮುತ್ತದೆ, ಸ್ಟೇಪಿಸ್ಸನ್ನು ಎಳೆಯುತ್ತದೆ. ದುಂಡು ಕಿಟಕಿಯ ಪೊರೆ ಒಳಕ್ಕೆ ಹರಿಯಬಹುದು.

ಹೀಗೆ ಊದುವ ವಿಧಾನಕ್ಕೆ ವಾಲ್ಸಾಲ್ವಾ ಎಂದು ಹೆಸರು. ಇಟಲಿಯ ವೈದ್ಯ ಆಂಟೋನಿಯೋ ವಾಲ್ಸಾಲ್ವಾ ಇದನ್ನು 1704ರಲ್ಲಿ ವಿವರಿಸಿದ್ದು ಕಿವಿಯ ಕೀವು ಹೊರಹಾಕಲು. ಫ್ರೆಂಜೆಲ್ ವಿಧಾನ ಬೇರೆ. ಮೂಗು ಹಿಡಿದು, ಗಂಟಲು ಮುಚ್ಚಿ, 'ಕ್' ಅನ್ನುವ ಹಾಗೆ ನಾಲಿಗೆಯ ಹಿಂಭಾಗವನ್ನು ಮೇಲಕ್ಕೆ ಒತ್ತಬೇಕು. ಒತ್ತಡ ಬಾಯಿ, ಮೂಗಿನ ಹಿಂಭಾಗದಲ್ಲಷ್ಟೇ ಹುಟ್ಟುತ್ತದೆ. ಎದೆಗೆ ಸಂಬಂಧ ಇಲ್ಲ, ಹಾಗಾಗಿ ಮಿದುಳಿನ ದ್ರವದ ದಾರಿಯೂ ಇಲ್ಲ. ಈಗ ನಾನು ಇದನ್ನೇ ಕಲಿಯುತ್ತಿದ್ದೇನೆ.

ಗುಳ್ಳೆಯ ಪೆಟ್ಟು ಬೇರೆ

ಮೇಲೇರಿದಾಗ, ಆಳದಲ್ಲಿ ದೇಹದೊಳಗೆ ಕರಗಿದ್ದ ಗಾಳಿ ಗುಳ್ಳೆಯಾಗಿ ಒಳಕಿವಿಗೆ ತೊಂದರೆ ಕೊಡುವುದೂ ಉಂಟು. ಅದು ಡಿಕಂಪ್ರೆಷನ್ ಕಾಯಿಲೆ. ಒಳಕಿವಿಗೆ ರಕ್ತ ತರುವುದು ಒಂದೇ ಸಣ್ಣ ಅಪಧಮನಿ. ಕರಗಿದ ಗಾಳಿ ಅಲ್ಲಿಂದ ಮಿದುಳಿಗಿಂತ ನಿಧಾನವಾಗಿ ಖಾಲಿಯಾಗುತ್ತದೆ. ಹಾಗಾಗಿ ಬಂದ ಗುಳ್ಳೆ ಅಲ್ಲಿ ದೊಡ್ಡದಾಗುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದಲೇ ಸಣ್ಣ ಕಿಂಡಿ ಉಳಿದಿರುತ್ತದೆ. ಗುಳ್ಳೆಗಳು ಶ್ವಾಸಕೋಶದಲ್ಲಿ ಸೋಸಿಹೋಗದೆ ಈ ಕಿಂಡಿಯಿಂದ ದಾಟಬಹುದು.

ತಲೆಸುತ್ತು, ವಾಂತಿ ಎರಡರಲ್ಲೂ ಒಂದೇ ಥರ. ನನ್ನ ಅಡ್ಡದಾರಿ: 'ಇಳಿಯುವಾಗ ಒತ್ತಡ, ಏರಿದ ಮೇಲೆ ಗುಳ್ಳೆ.' ಕಿವಿ ಬಿಡಿಸಲು ಕಷ್ಟಪಟ್ಟು, ಆಗಲೇ ಕೇಳಿಸುವುದು ಕಮ್ಮಿಯಾದರೆ ಒತ್ತಡದ ಪೆಟ್ಟಿನ ಅನುಮಾನ. ಇಳಿಯುವಾಗ ಏನೂ ತೊಂದರೆ ಇಲ್ಲದೆ, ಆಳವಾದ ಅಥವಾ ದೀರ್ಘ ಡೈವ್ ಮುಗಿದ ಮೇಲೆ ಜಗತ್ತು ಗಿರ್ರನೆ ತಿರುಗಿದರೆ ಗುಳ್ಳೆಯ ಅನುಮಾನ. ಆದರೆ ಇದು ಯಾವಾಗಲೂ ಸರಿಹೋಗುವುದಿಲ್ಲ. ಪೊರೆ ಅರೆಬರೆ ಹರಿದಿದ್ದವರಿಗೆ, ಮೇಲೆ ಬಂದು ಟ್ಯಾಂಕ್ ಎತ್ತಿದಾಗ ಲಕ್ಷಣ ಶುರುವಾಗಬಹುದು.

ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಗುಳ್ಳೆಗೆ ಶುದ್ಧ ಆಮ್ಲಜನಕ ಕೊಟ್ಟು ಒತ್ತಡದ ಕೋಣೆಗೆ ಬೇಗ ಕರೆದೊಯ್ಯಬೇಕು. ಹರಿದ ಪೊರೆಗೆ ಆ ಕೋಣೆ ಅಪಾಯ, ಯಾಕೆಂದರೆ ಅಲ್ಲಿ ಗಾಳಿಯ ಒತ್ತಡ ಏರಿಸುವುದರಿಂದ ಮತ್ತೆ ಕಿವಿ ಬಿಡಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ವಿಶ್ರಾಂತಿ, ತಲೆ ಎತ್ತರದಲ್ಲಿಟ್ಟು ಮಲಗುವುದು. ಮೂಗು ಸೀನಬಾರದು, ಭಾರ ಎತ್ತಬಾರದು, ವಿಮಾನ ಹತ್ತಬಾರದು. ಯಾವುದು ಅಂತ ಗೊತ್ತಾಗದಿದ್ದರೆ ಆಮ್ಲಜನಕ ಕೊಡಿ, ಡೈವಿಂಗ್ ವೈದ್ಯರಿಗೆ ಫೋನ್ ಮಾಡಿ. ಕೋಣೆಯ ನಿರ್ಧಾರ ಅವರದ್ದು.

ಇನ್ನೊಂದು ಸುಲಭದ ಸುಳಿವು. ಒಂದು ಕಿವಿ ಮಂದವಾಗಿದ್ದರೆ ಬಾಯಿ ಮುಚ್ಚಿ 'ಹ್ಞೂಂ' ಅಂತ ಗುನುಗಿ. ಮಂದವಾದ ಕಿವಿಯಲ್ಲೇ ಜಾಸ್ತಿ ಕೇಳಿಸಿದರೆ ತೊಂದರೆ ಹೆಚ್ಚಾಗಿ ಮಧ್ಯಕಿವಿಯದ್ದು. ಚೆನ್ನಾಗಿರುವ ಕಿವಿಯಲ್ಲಿ ಜಾಸ್ತಿ ಕೇಳಿಸಿದರೆ ಒಳಕಿವಿಯ ಅನುಮಾನ, ಅವತ್ತೇ ಇಎನ್‌ಟಿ ಹತ್ತಿರ ಹೋಗಿ ಆಡಿಯೋಗ್ರಾಮ್ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ. ಯಾವ ಕಡೆ ಕೇಳಿಸಿದರೂ ಅದರ ಮೇಲೆ ಮತ್ತೊಂದು ಡೈವ್ ಬೇಡ. ನೀರಿನೊಳಗೆ ಕಿವಿ ಕಟ್ಟಿದರೆ ಜೊತೆಗಾರರಿಗೆ ಕೈಸನ್ನೆ ಮಾಡಿ, ಒಂದು ಮೀಟರ್ ಮೇಲೆ ಬಂದು, ಮೆಲ್ಲಗೆ ಬಿಡಿಸಿಕೊಳ್ಳಿ. ಆಗಲೂ ಬಿಡದಿದ್ದರೆ ಅವತ್ತಿನ ಡೈವ್ ಅಲ್ಲಿಗೇ ಮುಗಿಸಿ.