ಲೋಟ ಬೇರೆ ಇಟ್ಟರು, ಬ್ಲೇಡು ಬೇರೆ ಇಡಲಿಲ್ಲ

ಡೊಂಬಿವಲಿಯಲ್ಲಿ ನನ್ನ ಸೋದರಮಾವನ ಮನೆ. ಅಡುಗೆಮನೆಯ ಶೆಲ್ಫಿನಲ್ಲಿ ಸ್ಟೀಲ್ ಲೋಟಗಳ ಸಾಲು. ಅದರಲ್ಲಿ ಒಂದರ ತಳಕ್ಕೆ ಮಾತ್ರ ಕೆಂಪು ನೇಲ್ ಪಾಲಿಶ್ ಚುಕ್ಕೆ. ಮಾವನಿಗೆ ಲಿವರ್ ಕ್ಯಾನ್ಸರ್ ಅಂತ ಗೊತ್ತಾದ ವಾರವೇ ಅತ್ತೆ ಇಟ್ಟ ಗುರುತು ಅದು. "ಬೆಳೆದ ಮಕ್ಕಳಿರೋ ಮನೆ, ಯಾಕೆ ಬೇಕು ಅಲ್ವಾ" ಅಂದರು. ಬಚ್ಚಲಿನ ಕನ್ನಡಿ ಕೆಳಗೆ ಒಂದೇ ರೇಜರ್. ಮಾವನೂ ಇಬ್ಬರು ಗಂಡುಮಕ್ಕಳೂ ಅದರಲ್ಲೇ ಗಡ್ಡ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಯಾವ ಚುಕ್ಕೆಯೂ ಇರಲಿಲ್ಲ.

ನೋಡಲು ಬಂದವರು ಮೆಲ್ಲಗೆ ಕೇಳುತ್ತಿದ್ದದ್ದು ಒಂದೇ: "ಕುಡೀತಿದ್ರಾ?" ಮಾವ ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ 30 ವರ್ಷ ಕೂತವರು. ಫಿಲ್ಟರ್ ಕಾಫಿ ಬಿಟ್ಟು ಇನ್ನೇನೂ ಮುಟ್ಟಿದವರಲ್ಲ. ಅವರ ರಕ್ತದಲ್ಲಿ ಸಿಕ್ಕಿದ್ದು ಲಿವರಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್.

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಲೋಟ, ತಟ್ಟೆ, ಹಾಸಿಗೆ ಬೇರೆ ಮಾಡಿದರೆ ರೋಗಿಯ ಮನಸ್ಸು ಮುರಿಯುತ್ತದೆ, ಅಷ್ಟೇ. ಆದರೆ ಕ್ಯಾನ್ಸರಿಗೆ ದಾರಿ ಮಾಡಿಕೊಡುವ ಕೆಲವು ರೋಗಾಣುಗಳು ಅಂಟುತ್ತವೆ. 2018ರಲ್ಲಿ ಜಗತ್ತಿನಲ್ಲಿ ಕಾಣಿಸಿಕೊಂಡ ಹೊಸ ಕ್ಯಾನ್ಸರುಗಳಲ್ಲಿ ಸುಮಾರು 13 ಶೇಕಡಾ ಸೋಂಕಿನಿಂದ ಹುಟ್ಟಿದವು ಎಂಬುದು ತಜ್ಞರ ಲೆಕ್ಕ. ಹೊಟ್ಟೆಯ ಕ್ಯಾನ್ಸರಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ. ಗಂಟಲಿಗೆ, ಗುದದ್ವಾರಕ್ಕೆ, ಶಿಶ್ನಕ್ಕೆ ಎಚ್‌ಪಿವಿ ಅನ್ನುವ ವೈರಸ್. ಗರ್ಭಕೊರಳಿನ ಕ್ಯಾನ್ಸರಿಗೂ ಇದೇ ಕಾರಣವಾದ್ದರಿಂದ, ಇದನ್ನು ಹೆಂಗಸರ ವೈರಸ್ ಅಂತ ಗಂಡಸರು ತಲೆ ಕೆಡಿಸಿಕೊಳ್ಳುವುದೇ ಇಲ್ಲ. ನಾನು ಇಲ್ಲಿ ಲಿವರ್ ಬಗ್ಗೆಯೇ ಬರೆಯುತ್ತೇನೆ. ಈ ಕ್ಯಾನ್ಸರ್ ಹೆಂಗಸರಿಗಿಂತ ಗಂಡಸರಿಗೆ ಎರಡು ಮೂರು ಪಟ್ಟು ಜಾಸ್ತಿ.

ಸೋಜಿಗ ಏನು ಗೊತ್ತಾ? ಹೆಪಟೈಟಿಸ್ ಬಿ ವೈರಸ್ ಲಿವರ್ ಕೋಶವನ್ನು ತಾನಾಗಿ ಕೊಲ್ಲುವುದೇ ಇಲ್ಲ. ಒಳಗೆ ಹೋಗಿ, ನಮ್ಮ ಡಿಎನ್ಎ ಇರುವ ಕೋಣೆಯಲ್ಲೇ ತನ್ನದೊಂದು ಪುಟ್ಟ ಡಿಎನ್ಎ ಬಳೆ ಮಾಡಿಟ್ಟುಕೊಂಡು ಸುಮ್ನೆ ಕೂರುತ್ತದೆ. ಕೊಲ್ಲುವವರು ನಮ್ಮದೇ ಕಾವಲುಗಾರರು, ಅಂದರೆ ಬಿಳಿ ರಕ್ತಕಣಗಳು. ಇಲಿ ಹೊಕ್ಕಿತು ಅಂತ ಮನೆಗೇ ಬೆಂಕಿ ಹಚ್ಚಿದ ಹಾಗೆ, ಅವು ವೈರಸ್ ಹೊಕ್ಕ ಕೋಶವನ್ನೇ ಸುಟ್ಟುಬಿಡುತ್ತವೆ. ಲಿವರ್ ಗಟ್ಟಿಗ. ಸತ್ತ ಕೋಶದ ಜಾಗಕ್ಕೆ ಹೊಸ ಕೋಶ ಬೆಳೆಸುತ್ತದೆ. ಅದಕ್ಕೂ ವೈರಸ್ ಹೊಗುತ್ತದೆ, ಮತ್ತೆ ಬೆಂಕಿ, ಮತ್ತೆ ಹೊಸ ಕೋಶ. ಹೀಗೇ 20, 30 ವರ್ಷ.

ಪ್ರತಿ ಹೊಸ ಕೋಶಕ್ಕೂ ಸುಮಾರು 300 ಕೋಟಿ ಅಕ್ಷರಗಳ ಡಿಎನ್ಎ ಪುಸ್ತಕವನ್ನು ನಕಲು ಮಾಡಬೇಕು. ಮಾವನ ಗಲ್ಲಾದ ಲೆಕ್ಕದ ಪುಸ್ತಕವನ್ನು ದಿನಾ ರಾತ್ರಿ ಹೊಸದಾಗಿ ಬರೆಯಬೇಕು ಅಂದುಕೊಳ್ಳಿ. ಒಂದು ರಾತ್ರಿ ಸೊನ್ನೆ ಬಿಟ್ಟುಹೋಗುತ್ತದೆ. ಮರುದಿನ ಆ ತಪ್ಪಿನ ಮೇಲೇ ನಕಲು. ಮಳೆಗಾಲದ ನಂತರದ ಮುಂಬಯಿ ರಸ್ತೆಯನ್ನೂ ನೆನೆಸಿಕೊಳ್ಳಿ. ಗುಂಡಿ ಮುಚ್ಚಿ, ತೇಪೆ ಮೇಲೆ ತೇಪೆ ಹಾಕಿ ಕೊನೆಗೆ ರಸ್ತೆಯೆಲ್ಲ ಗಂಟುಗಂಟು. ಲಿವರ್ ಹಾಗೆ ಗಂಟುಕಟ್ಟಿ ಗಟ್ಟಿಯಾಗುವುದೇ ಸಿರೋಸಿಸ್. ಇಷ್ಟು ಸಾಲದು ಅಂತ ವೈರಸ್ ತನ್ನ ಡಿಎನ್ಎಯ ತುಂಡನ್ನು ನಮ್ಮ ಪುಸ್ತಕದ ನಡುವೆ ಸಿಕ್ಕಿಸುವುದೂ ಉಂಟು. ಬೆಳವಣಿಗೆಗೆ "ಸಾಕು, ನಿಲ್ಲು" ಅನ್ನುವ ಸಾಲು ಕೆಟ್ಟರೆ ಮುಗಿಯಿತು, ಆ ಕೋಶ ನಿಲ್ಲುವುದಿಲ್ಲ. ಸಿರೋಸಿಸ್ ಆಗದವರಿಗೂ ಈ ವೈರಸ್ಸಿನಿಂದ ಕ್ಯಾನ್ಸರ್ ಬರುವುದು ಹೀಗೆ.

ಇದು ಪತ್ತೆಯಾದ ಕಥೆ ಹೇಳದೆ ಇರಲಾರೆ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಹುಡುಕುತ್ತಿದ್ದದ್ದು ಯಾವ ವೈರಸ್ಸನ್ನೂ ಅಲ್ಲ. ಬೇರೆ ಬೇರೆ ದೇಶದ ಜನರ ರಕ್ತ ಹೇಗೆ ಬೇರೆ ಎಂದು ನೋಡುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ವಿಚಿತ್ರ ಪ್ರೋಟೀನ್ ಸಿಕ್ಕಿತು. 1965ರಲ್ಲಿ ಪ್ರಕಟಿಸಿದರು. ಕೊನೆಗೆ ಅದು ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಪದರ ಅಂತ ತಿಳಿಯಿತು. 1976ರಲ್ಲಿ ನೊಬೆಲ್ ಬಂತು. ಇವತ್ತಿಗೂ ಲ್ಯಾಬಿನಲ್ಲಿ ಮಾಡುವ ಎಚ್‌ಬಿಎಸ್‌ಎಜಿ ಟೆಸ್ಟ್ ಹುಡುಕುವುದು ಆ ಪ್ರೋಟೀನನ್ನೇ. ಆಮೇಲೆ ಪಾಮರ್ ಬೀಸ್ಲಿ ಮತ್ತು ಸಂಗಡಿಗರು ತೈವಾನಿನ 22,707 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ವೈರಸ್ ಹೊತ್ತವರಿಗೆ ಲಿವರ್ ಕ್ಯಾನ್ಸರ್ 223 ಪಟ್ಟು ಹೆಚ್ಚು! 1981ರಲ್ಲಿ ಈ ಲೆಕ್ಕ ಬಂದ ಮೇಲೂ ನಾವು "ಕುಡೀತಿದ್ರಾ" ಅಂತಲೇ ಕೇಳುತ್ತಿದ್ದೇವೆ.

ತಮಗೆ ಈ ವೈರಸ್ ಅಂಟಿದ್ದನ್ನು ಅಮಿತಾಭ್ ಬಚ್ಚನ್ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. 1982ರಲ್ಲಿ ಬೆಂಗಳೂರಿನ ಚಿತ್ರೀಕರಣದಲ್ಲಿ ಪೆಟ್ಟು ಬಿದ್ದು, ಮುಂಬಯಿಯಲ್ಲಿ ಅವರಿಗೆ ಬೇರೆಯವರ ರಕ್ತ ಕೊಟ್ಟಾಗ ಅದು ಒಳಗೆ ಬಂತು. ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಲಿವರಿನ ಮುಕ್ಕಾಲು ಭಾಗ ಹಾಳಾಗಿತ್ತು.

ನಮ್ಮೂರ ಕಡೆ ಕಾಮಾಲೆಗೆ ಬರೆ ಹಾಕಿಸುತ್ತಾರೆ. ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತವೆ, ಹೆಸರು ಬರೆಗೆ ಬರುತ್ತದೆ. ಹೆಪಟೈಟಿಸ್ ಬಿ ಎಷ್ಟೋ ಸಲ ಕಣ್ಣು ಹಳದಿ ಮಾಡುವುದೇ ಇಲ್ಲ. ಹಳದಿ ಕಾಣದ ಕಾಯಿಲೆಗೆ ಯಾರು ಬರೆ ಹಾಕುತ್ತಾರೆ, ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ಇದು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಮೈ ಹೊರಗೆ ಒಣಗಿದ ರಕ್ತದಲ್ಲೂ ಕಡಿಮೆಯೆಂದರೆ 7 ದಿನ ಬದುಕಿರುತ್ತದೆ. ಆದ್ದರಿಂದ ಭಯಪಡಬೇಕಾದ್ದು ಲೋಟಕ್ಕಲ್ಲ, ಬ್ಲೇಡಿಗೆ. ಫುಟ್‌ಪಾತಿನ ಕ್ಷೌರದವನ ಎದುರು ಕೂತಾಗ ಹೊಸ ಬ್ಲೇಡ್ ಕೇಳಿ, ನಾಚಿಕೆ ಬೇಡ.

ಲಸಿಕೆ ಇದೆ. ತೈವಾನ್ 1984ರಲ್ಲಿ ಹಸುಗೂಸುಗಳಿಗೆ ಕೊಡಲು ಶುರುಮಾಡಿತು. ಮಕ್ಕಳ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಇದು ಎಲ್ಲ ರಾಜ್ಯಗಳ ಮಕ್ಕಳಿಗೂ ಸಿಗುವಂತಾದದ್ದು 2011ರ ಹೊತ್ತಿಗೆ. ಅಂದರೆ ಇವತ್ತು ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋಗುವ ಗಂಡಸರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲಿ ಆ ಸೂಜಿ ಬಿದ್ದಿಲ್ಲ. ದೊಡ್ಡವರೂ ಹಾಕಿಸಿಕೊಳ್ಳಬಹುದು. ಮೊದಲು ಟೆಸ್ಟ್, ಸೋಂಕು ಇಲ್ಲದಿದ್ದರೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಇದ್ದರೆ ವೈರಸ್ಸನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆಗಳಿವೆ. 2018ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಟೆಸ್ಟೂ ಮಾತ್ರೆಯೂ ಉಚಿತ.

ಮಾವ ಹೋಗಿ ಎರಡು ವರ್ಷವಾಯಿತು. ಹದಿಮೂರನೆಯ ದಿನ ಕಳೆದ ಮೇಲೆ ಅತ್ತೆಯನ್ನೂ ಇಬ್ಬರು ಮಕ್ಕಳನ್ನೂ ಟೆಸ್ಟಿಗೆ ಕರೆದುಕೊಂಡು ಹೋದೆ. ಅತ್ತೆಗೆ, ಚಿಕ್ಕವನಿಗೆ ಇಲ್ಲ. ಇಬ್ಬರಿಗೂ ಮೂರು ಡೋಸ್ ಮುಗಿದಿದೆ. ದೊಡ್ಡವನಿಗೆ ಇತ್ತು. ಈಗ ದಿನಾ ರಾತ್ರಿ ಒಂದು ಮಾತ್ರೆ, ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್. ಅವನ ರೇಜರಿನ ಹಿಡಿಗೆ ಅತ್ತೆ ಕೆಂಪು ಚುಕ್ಕೆ ಇಟ್ಟಿದ್ದಾರೆ. ಕಾಫಿ ಮಾತ್ರ ಯಾವ ಲೋಟ ಸಿಕ್ಕರೆ ಅದರಲ್ಲೇ ಕೊಡುತ್ತಾರೆ.